ತವರಿಗೆ ಹೋಗವ್ಳೆ

ನಮ್ಮ ಅವ್ವ ಸುಳ್ಳು ಹೇಳುವವಳಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಬೇರೆ ಯಾರಾದರೂ ಆಗಿದ್ದರೆ ಬಾಗಿಲಿಗೆ ಬಂದ ಪೊಲೀಸಿನವರಿಗೆ “ಸೊಸೆ ಹೊಲಕ್ಕೆ ಹೋಗವ್ಳೆ, ಸಂಜಿಗೆ ಬರ್ತಾಳೆ” ಎಂದು ಹೇಳಿ, ಒಂದು ಲೋಟ ಟೀ ಕೊಟ್ಟು ಸಾಗಹಾಕುತ್ತಿದ್ದರು. ಅವ್ವ ಟೀಯನ್ನೂ ಕೊಟ್ಟಳು, ಇದ್ದದ್ದನ್ನು ಇದ್ದ ಹಾಗೆಯೂ ಹೇಳಿದಳು. ಆ ಒಂದು ಮಾತಿಗೆ ನನ್ನ ಹೆಂಡತಿ ದೇಶ ಬಿಡಬೇಕಾಯಿತು.

ನನ್ನ ಹೆಂಡತಿ ಕೀನ್ಯಾದವಳು. ನಾನು ಐಮಂಗಲದವನು, ಬೋರ್‌ವೆಲ್ ಕೊರೆಯುವ ಕೆಲಸ. ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಶುರು ಮಾಡಿದವನನ್ನು ಬೋರ್‌ವೆಲ್ ಲಾರಿ ಕೀನ್ಯಾದವರೆಗೆ ಎಳೆದುಕೊಂಡು ಹೋಯಿತು. ಅಲ್ಲಿ ಐದು ವರ್ಷ ಇದ್ದೆ. ನೈರೋಬಿಯಿಂದ ಎರಡು ಗಂಟೆ ದೂರದ ಊರಿನಲ್ಲಿ ಪಂಪು, ಪೈಪಿನ ಸಾಮಾನು ಮಾರುವ ಅಂಗಡಿಯೊಂದಿತ್ತು. ನಾನು ಹೋಸ್ ಪೈಪು ಕೊಳ್ಳಲು ಹೋದಾಗ ಮಾಲೀಕ ಹಳೆಯದನ್ನು ಒರೆಸಿ ಹೊಸದೆಂದು ಕೊಡಲು ನೋಡಿದ. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಅವನನ್ನು ನನ್ನೆದುರಿಗೇ ಬೈದಳು. ಇವಳು ನಮ್ಮ ಅವ್ವನ ಜಾತಿಯವಳೇ ಎಂದು ನನಗೆ ಅವತ್ತೇ ಅನ್ನಿಸಿತು. ಎರಡು ವರ್ಷ ಓಡಾಡಿ, ಅವಳ ತಾಯಿಯನ್ನು ಒಪ್ಪಿಸಿ, ಅಲ್ಲಿಯೇ ರಿಜಿಸ್ಟರ್ ಮದುವೆಯಾದೆ. ಆರು ತಿಂಗಳ ವೀಸಾ ಸಿಕ್ಕಿತು. ಫೆಬ್ರವರಿಯಲ್ಲಿ ಊರಿಗೆ ಬಂದೆವು.

ಆ ಸಲ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಐದೇ ನಿಮಿಷದ ಕೆಲಸ. ಪಾಸ್‌ಪೋರ್ಟ್ ನೋಡಿದರು, ಬೆರಳಿನ ಗುರುತು ತೆಗೆದುಕೊಂಡರು, ಸೀಲು ಹೊಡೆದರು. ಇಷ್ಟಕ್ಕೆ ಜನ ಯಾಕೆ ಹೆದರುತ್ತಾರೋ ಎಂದು ನಾನು ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದೆ.

ಊರಿಗೆ ಬಂದ ಮೇಲೆ ಅವ್ವ ರಿಜಿಸ್ಟರ್ ಮದುವೆಯನ್ನು ಮದುವೆಯೆಂದು ಒಪ್ಪಲಿಲ್ಲ. ವೈಶಾಖದಲ್ಲಿ ಚಪ್ಪರ ಹಾಕಿಸಿ ಧಾರೆ ಮಾಡಿಸಿದಳು. ಧಾರೆ ಎರೆದುಕೊಡಲು ಹೆಣ್ಣಿನ ತಂದೆತಾಯಿ ಬೇಕಲ್ಲ. ಅವಳ ತಂದೆ ತೀರಿಕೊಂಡಿದ್ದರು, ತಾಯಿಗೆ ಅಷ್ಟು ದೂರ ಬರಲು ಆಗಲಿಲ್ಲ. ಆಗ ಮುಂದೆ ಬಂದವರು ನಮ್ಮಪ್ಪನ ಹಳೆಯ ಸ್ನೇಹಿತರು, ಹೊಸದುರ್ಗದ ಆಚೆ ಶ್ರೀರಾಂಪುರದವರು. ಹೊಳಲ್ಕೆರೆ ಹೊಸದುರ್ಗದ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಇಬ್ಬರು ಗಂಡುಮಕ್ಕಳು, ಹೆಣ್ಣಿಲ್ಲ. ಗಂಡ ಹೆಂಡತಿ ಇಬ್ಬರೂ ಹಸೆಮಣೆಯ ಪಕ್ಕ ಕೂತು ಅವಳ ಕೈ ಮೇಲೆ ನೀರು ಬಿಟ್ಟರು. ಬಿಡುವಾಗ ಆ ಮನುಷ್ಯ ಗಳಗಳ ಅತ್ತರು. ಬಾಡಿಗೆ ಅಪ್ಪ ಹೀಗೆ ಅಳುವುದುಂಟೇ ಎಂದು ನಾವೆಲ್ಲ ಆಮೇಲೆ ತಮಾಷೆ ಮಾಡಿದೆವು.

ಆದರೆ ಅವರಿಗೆ ಅದು ತಮಾಷೆಯಾಗಿರಲಿಲ್ಲ. ಚಿಕ್ಕಂದಿನಿಂದ ನನ್ನನ್ನು “ಲೇ” ಎಂದು ಕರೆಯುತ್ತಿದ್ದವರು ಅವತ್ತು ಊಟದ ಹೊತ್ತಿಗೆ “ಅಳಿಯಂದ್ರೇ, ಕುಂತ್ಕಳ್ರಿ” ಎಂದರು. ನನ್ನ ಹೆಂಡತಿ ಅವರನ್ನು ಅಪ್ಪಾಜಿ ಎಂದು ಕರೆಯತೊಡಗಿದಳು. ನಾನು ಅವರನ್ನು ಮಾವ ಎನ್ನಬೇಕಾಯಿತು.

ವೀಸಾ ಆಗಸ್ಟಿಗೆ ಮುಗಿಯುವುದಿತ್ತು. ಜೂನ್ ತಿಂಗಳಲ್ಲೇ ಚಿತ್ರದುರ್ಗಕ್ಕೆ ಹೋಗಿ ಹೆಂಡತಿಯ ಜವಾಬ್ದಾರಿ ನನ್ನದೆಂದು ಬಾಂಡ್ ಪೇಪರ್ ಬರೆಸಿದೆ. ಸ್ಟುಡಿಯೋದಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಜಂಟಿ ಫೋಟೊ ತೆಗೆಸಿಕೊಂಡೆವು. ಸೈಬರ್ ಅಂಗಡಿಯಲ್ಲಿ ಕೂತು, ಅವಧಿ ವಿಸ್ತರಿಸಿ ಎಂದು ಅರ್ಜಿ ಹಾಕಿದೆವು. “ಸರ್, ಗಂಡ ಹೆಂಡ್ತಿ ಒಂದೇ ಮನೇಲಿ ಅದೀರೋ ಇಲ್ವೋ ಅಂತ ಪೊಲೀಸ್ನೋರು ಬಂದು ನೋಡ್ತಾರೆ. ಅದೇ ಮುಖ್ಯ” ಎಂದು ಅಂಗಡಿಯವನು ಹೇಳಿದ. ಒಂದೇ ಮನೆಯಲ್ಲದೆ ಇನ್ನೆಲ್ಲಿರುತ್ತೇವೆ ಎಂದು ನಾನು ನಕ್ಕೆ.

ಆಷಾಢ ಹುಟ್ಟುವುದಕ್ಕೆ ಎರಡು ದಿನ ಇರುವಾಗ ಶ್ರೀರಾಂಪುರದ ಮಾವ ಹೊಸ ಬಟ್ಟೆ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳನ್ನು ಆಷಾಢಕ್ಕೆ ಕರೆದುಕೊಂಡು ಹೋಗಲು ಬಂದಿದ್ದರು. ಹೊಸದಾಗಿ ಮದುವೆಯಾದ ಸೊಸೆ ಮೊದಲ ಆಷಾಢದಲ್ಲಿ ಅತ್ತೆಯೊಂದಿಗೆ ಒಂದೇ ಹೊಸ್ತಿಲು ದಾಟುವಂತಿಲ್ಲ, ತಿಂಗಳಿಡೀ ತವರಿನಲ್ಲಿರಬೇಕು. ಅಳಿಯ ಆ ಕಡೆ ತಲೆ ಹಾಕುವಂತಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಕೀನ್ಯಾದ ಹುಡುಗಿಗೆ ಇದು ಅನ್ವಯಿಸೀತೆಂದು ನನಗೆ ಹೊಳೆದೇ ಇರಲಿಲ್ಲ.

“ಅವ್ವ, ಪೊಲೀಸ್ನೋರು ಬರ್ತಾರೆ. ಈ ಸಲ ಬ್ಯಾಡ” ಎಂದೆ.

“ಬರ್ಲಿ ಬಿಡು, ನಾವೇನು ಕಳ್ತನ ಮಾಡಿವಾ?” ಎಂದಳು ಅವ್ವ. “ಊರಾಗಿನ ಎಲ್ಲ ಸೊಸೇರೂ ಹೋಗ್ತಾರೆ. ನನ್ ಸೊಸಿ ಒಬ್ಳು ಹೋಗ್ದಿದ್ರೆ ಜನ ಏನಂತಾರೆ? ಅವ್ಳು ಹೆಂಗೂ ಹೊರಗಿನೋಳು, ಅವ್ಳಿಗೆ ಯಾವ ಶಾಸ್ತ್ರ ಅಂತಾರೆ. ಆ ಮಾತು ನಾನು ಕೇಳ್ಬೇಕಾ? ಅವ್ಳು ಕೇಳ್ಬೇಕಾ?”

ನನ್ನ ಹೆಂಡತಿ ಅಷ್ಟರಲ್ಲಿ ಚೀಲಕ್ಕೆ ಬಟ್ಟೆ ತುಂಬಿ ಆಗಿತ್ತು. ಅವಳಿಗೆ ಖುಷಿಯೋ ಖುಷಿ. ತವರಿಗೆ ಹೋಗುವ ಹೆಣ್ಣುಮಕ್ಕಳು ಗಂಡನ ಮುಂದೆ ಸ್ವಲ್ಪವಾದರೂ ಬೇಜಾರು ತೋರಿಸಬೇಕು ಎಂಬುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಅಪ್ಪಾಜಿಯ ಹಿಂದೆ ಹಿರಿಯೂರು ಬಸ್ಸು ಹತ್ತಿ ಕೈ ಬೀಸಿ ಹೋದಳು.

ನಾನು ಮೊದಲ ಭಾನುವಾರವೇ ಬೈಕ್ ಹತ್ತಿದೆ. ಹಿರಿಯೂರು, ಹೊಸದುರ್ಗ ದಾಟಿ ಶ್ರೀರಾಂಪುರ. ಆಷಾಢದ ಗಾಳಿ ಬೈಕನ್ನು ರಸ್ತೆಯಿಂದ ಆಚೆ ತಳ್ಳುತ್ತಿತ್ತು. ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಗಿರಗಿರ ತಿರುಗುತ್ತಿದ್ದವು. ಮಾವ ಬಾಗಿಲಲ್ಲೇ ತಡೆದರು. ಒಂದು ಚೊಂಬು ನೀರು ಅಂಗಳಕ್ಕೇ ತಂದುಕೊಟ್ಟು, “ಅಳಿಯಂದ್ರೇ, ಶ್ರಾವಣದಾಗೆ ಬರ್ರಿ” ಎಂದರು. ನಾನು ಜಗಳಕ್ಕೆ ನಿಂತೆ. ನನ್ನ ಹೆಂಡತಿ, ನನ್ನ ಬೈಕು, ನನ್ನ ಪೆಟ್ರೋಲು, ನಿಮಗೇನು ಎಂದೆ. ಅವರು ಸಿಟ್ಟಾಗಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಕೂತು ಮಾತಾಡಬಹುದು, ಹೊಸದುರ್ಗದ ಬಸ್ಸು ಬಿಡುವವರೆಗೆ ಮಾತ್ರ. ಅವರು ಎದುರಿನ ಟೀ ಅಂಗಡಿಯಲ್ಲಿ ಕೂತು ಕಾಯುತ್ತಾರೆ. ಮದುವೆಯಾದ ಗಂಡಸು ಸ್ವಂತ ಹೆಂಡತಿಯ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕಾವಲುಗಾರನನ್ನು ಇಟ್ಟುಕೊಂಡದ್ದು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಹೀಗೆ ನಾಲ್ಕು ಭಾನುವಾರ ನಡೆಯಿತು.

ಪೊಲೀಸಿನವರು ಬಂದದ್ದು ಮೂರನೆಯ ವಾರದಲ್ಲಿ. ನಾನು ಹೊಳಲ್ಕೆರೆ ಹತ್ತಿರ ಬೋರು ಕೊರೆಯುತ್ತಿದ್ದೆ. ಅವ್ವ ಅವರನ್ನು ಕೂರಿಸಿ, ಹೆಮ್ಮೆಯಿಂದಲೇ ಹೇಳಿದಳಂತೆ, “ಸೊಸಿ ಮನ್ಯಾಗಿಲ್ರಿ. ಆಷಾಢ ಅಲ್ವೇನ್ರಿ, ತವರಿಗೆ ಹೋಗವ್ಳೆ.” ಬಂದವರು ನಮ್ಮ ಕಡೆಯವರೇ, ನಕ್ಕು ಟೀ ಕುಡಿದು ಹೋದರು. ಕೇಳಿದ್ದನ್ನೇ ಬರೆದರು. ಅರ್ಜಿದಾರರು ಪತಿಯ ಮನೆಯಲ್ಲಿ ಇಲ್ಲ, ತವರಿಗೆ ತೆರಳಿದ್ದಾರೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೇಲಿನ ಕಚೇರಿಯಲ್ಲಿ ಕೂತವರಿಗೆ ಕೀನ್ಯಾದ ಹೆಣ್ಣಿನ ತವರು ಕೀನ್ಯಾವೇ. ಗಂಡನ ಜೊತೆ ವಾಸವಿಲ್ಲ, ಕಾರಣ ತಿಳಿಸಿ ಎಂದು ಕೇಳಿದರು. ಸೈಬರ್ ಅಂಗಡಿಯವನೂ ನಾನೂ ಒಂದು ಮಧ್ಯಾಹ್ನವಿಡೀ ಕೂತು ಆಷಾಢವನ್ನು ಇಂಗ್ಲಿಷಿಗೆ ಇಳಿಸಲು ಒದ್ದಾಡಿದೆವು. ಅತ್ತೆ ಸೊಸೆ ಒಂದೇ ಬಾಗಿಲು ದಾಟಿದರೆ ಕೆಡುಕು ಎಂದು ಬರೆದರೆ ಮನೆಯಲ್ಲಿ ಹೊಡೆದಾಟವಿದ್ದಂತೆ ಕಾಣುತ್ತಿತ್ತು. ತವರು ಶ್ರೀರಾಂಪುರ ಎಂದು ಬರೆದರೆ ನಾವು ಯಾರನ್ನೋ ಬಚ್ಚಿಟ್ಟಂತೆ ಕಾಣುತ್ತಿತ್ತು. ಹೇಗೋ ಬರೆದು ಕಳಿಸಿದೆವು. ವಿವರಣೆ ಸಮರ್ಪಕವಾಗಿಲ್ಲ ಎಂದು ಉತ್ತರ ಬಂತು. ವಿಸ್ತರಣೆ ಸಿಗಲಿಲ್ಲ.

ಅವತ್ತು ನಾನು ಅವ್ವನ ಮೇಲೆ ಕೂಗಾಡಿದೆ. ನಿನ್ನ ಶಾಸ್ತ್ರಕ್ಕೆ ಬೆಂಕಿ ಹಾಕ ಎಂದುಬಿಟ್ಟೆ. ಅವ್ವ ಒಲೆಯ ಮುಂದೆ ಕೂತವಳು ಏಳಲಿಲ್ಲ. ಎರಡು ಹೊತ್ತು ಊಟ ಮಾಡಲಿಲ್ಲ. ಆ ಮಾತು ಆಡಬಾರದಿತ್ತು, ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಅವಳು ಸೊಸೆಯನ್ನು ನಮ್ಮವಳಾಗಿ ಮಾಡಿಕೊಳ್ಳಲೆಂದೇ ಕಳಿಸಿದ್ದಳು.

ಶ್ರಾವಣಕ್ಕೆ ಹೆಂಡತಿ ವಾಪಸ್ ಬಂದಳು. ಬರುವಾಗ ಅರ್ಧ ಕನ್ನಡ ಕಲಿತುಕೊಂಡು ಬಂದಿದ್ದಳು, ಅದೂ ಮಾವನ ಕನ್ನಡ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, “ಯಾಕ್ರೀ ಹಿಂಗೆ ಕುಂತೀರಿ? ದಿನ ಇರೋದ್ರಾಗೆ ನಮ್ಮವ್ವನ ಹತ್ರ ಹೋಗಾಣ. ಹೊಸ ವೀಸಾ ತಗಂಡು ಬರಾಣ” ಎಂದಳು. ಅವಧಿ ಮುಗಿಯುವ ಮೊದಲೇ ಹೊರಟೆವು. ಅವ್ವ ಬಾಗಿಲಲ್ಲಿ ನಿಂತು ಸೊಸೆಯ ಮಡಿಲಿಗೆ ಅಕ್ಕಿ ಕಾಯಿ ಹಾಕಿದಳು. ತಾನು ಆಡಿದ ಮಾತಿಗೆ ಸೊಸೆ ವಾಪಸ್ ಬರದೇ ಹೋದರೆ ಎಂಬ ಭಯ ಅವಳಿಗೆ. ನನಗೂ ಅದೇ ಭಯ.

ಕೀನ್ಯಾದಲ್ಲಿ ಮೂರು ತಿಂಗಳು ಹಿಡಿಯಿತು. ಕಾಗದ ಪತ್ರ ಮತ್ತೆ ಮೊದಲಿನಿಂದ ಜೋಡಿಸಿ, ಸಂದರ್ಶನ ಮುಗಿಸಿ, ಒಂದು ವರ್ಷದ ವೀಸಾ ಸಿಕ್ಕಿತು. ಆದರೆ ಕೊಟ್ಟವರು ಒಂದು ಮಾತು ಹೇಳಿದರು. ವೀಸಾ ಇದ್ದರೂ ಒಳಗೆ ಬಿಡುವುದು ಬಿಡದಿರುವುದು ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿ, ಹಳೆಯ ವರದಿ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ. ವಿಮಾನದಲ್ಲಿ ನಾನು ಊಟ ಮುಟ್ಟಲಿಲ್ಲ. ಹೆಂಡತಿ ನನ್ನ ತಟ್ಟೆಯಲ್ಲಿದ್ದದ್ದನ್ನೂ ತಿಂದಳು.

ಬೆಂಗಳೂರಿನಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಭಾರತೀಯರಿಗೆ ಒಂದು ಸಾಲು, ವಿದೇಶಿಯರಿಗೆ ಇನ್ನೊಂದು. ನಾನು ಅವಳ ಸಾಲಿನಲ್ಲೇ ನಿಂತೆ. ಕೌಂಟರಿನಲ್ಲಿ ನಡುವಯಸ್ಸಿನ ಹೆಣ್ಣುಮಗಳು, ಅಧಿಕಾರಿ. ನನ್ನ ಹೆಂಡತಿಯ ಪಾಸ್‌ಪೋರ್ಟ್ ತೆರೆದರು, ನಾಲ್ಕು ಬೆರಳು ಇಡಿಸಿಕೊಂಡರು, ಕಂಪ್ಯೂಟರ್ ನೋಡಿದರು. ಮತ್ತೊಮ್ಮೆ ನೋಡಿದರು. 

“ಕಳೆದ ಸಲ ನೀವು ಗಂಡನ ಜೊತೆ ಇರಲಿಲ್ಲವಂತೆ” ಎಂದರು ಇಂಗ್ಲಿಷಿನಲ್ಲಿ.

ನಾನು ಬಾಯಿ ಹಾಕಿದೆ. ನಾವು ಗಂಡ ಹೆಂಡತಿ, ನಮ್ಮ ಮನೆ ವಿಷಯ, ಎಂದೇನೋ ಶುರು ಮಾಡಿದೆ. ನನ್ನ ದನಿ ಜೋರಾಯಿತು. ಅಧಿಕಾರಿ ನನ್ನ ಮುಖ ನೋಡದೆಯೇ, “ನೀವು ಹಳದಿ ಗೆರೆಯ ಹಿಂದೆ ನಿಂತುಕೊಳ್ಳಿ” ಎಂದರು ಕನ್ನಡದಲ್ಲಿ. ಹೆಂಡತಿ ಒಂದು ಸಲ ತಿರುಗಿ ಕಣ್ಣು ಬಿಟ್ಟಳು. ಗೆರೆಯ ಹಿಂದೆ ಹೋಗಿ ನಿಂತೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು, ಏನೂ ಮಾಡುವಂತಿರಲಿಲ್ಲ.

ಅವಳು ಆಷಾಢದ ಕಥೆ ಪೂರ್ತಿ ಹೇಳಿದಳು. ಧಾರೆ, ಹೊಸ್ತಿಲು, ಅತ್ತೆ, ಶ್ರೀರಾಂಪುರ, ಏನನ್ನೂ ಬಿಡಲಿಲ್ಲ. ಅಧಿಕಾರಿ ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು, “ನೋಡಮ್ಮ, ಆಷಾಢ ನನಗೂ ಗೊತ್ತು. ಆದರೆ ನಿನ್ನ ತವರು ಕೀನ್ಯಾದಲ್ಲಿದೆ. ಗಂಡ ಹೆಂಡತಿ ಬೇರೆಯಾದವರೂ ಇದೇ ಕಥೆ ಕಟ್ಟಬಹುದಲ್ಲ? ಇಲ್ಲಿ ನಿನಗೆ ತವರು ಇದೆ ಅನ್ನುವುದಕ್ಕೆ ಏನು ಸಾಕ್ಷಿ?”

ಮಾತು ನ್ಯಾಯವಾಗಿತ್ತು. ನನ್ನ ಫೈಲಿನಲ್ಲಿ ಮದುವೆ ಪತ್ರವಿತ್ತು, ಬಾಂಡಿತ್ತು, ಜಂಟಿ ಫೋಟೊ ಇತ್ತು. ತವರಿಗೆ ಯಾವ ಸರ್ಟಿಫಿಕೇಟು ಇರುತ್ತದೆ? ಇಲ್ಲಿಂದಲೇ ಅವಳನ್ನು ಹಿಂದಕ್ಕೆ ಕಳಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅವ್ವನಿಗೆ ಏನು ಹೇಳಲಿ ಎಂದು ಆಗಲೇ ಯೋಚಿಸುತ್ತಿದ್ದೆ.

“ನಮ್ಮ ಅಪ್ಪಾಜಿ ಕರ್ಕಂಡು ಹೋಗಾಕೆ ಬಂದು ಹೊರಗಡೆ ನಿಂತವ್ರೆ” ಎಂದಳು ಹೆಂಡತಿ, ಕನ್ನಡದಲ್ಲಿ. “ನಂಬರ್ ಕೊಡ್ಲಾ? ನೀವೇ ಕೇಳ್ರಿ.”

 ಅಧಿಕಾರಿ, ಫೋನು ಬಳಸಬಾರದು ಎಂಬ ಬೋರ್ಡಿನ ಕೆಳಗೇ, ತಮ್ಮ ಮೇಜಿನ ಫೋನಿನಿಂದ ನಂಬರ್ ಒತ್ತಿ ಸ್ಪೀಕರ್ ಹಾಕಿದರು.

“ಯಾರ್ರೀ ಅದು?” ಮಾವನ ದನಿ. ಜೀವಮಾನವೆಲ್ಲ ಇಂಜಿನ್ ಪಕ್ಕ ಕೂತವರು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಪಕ್ಕದ ಸಾಲಿಗೂ ಕೇಳಿಸಿತು.

ಅಧಿಕಾರಿ ತಾವು ಯಾರೆಂದು ಹೇಳಿದರು. ಹುಡುಗಿಯ ಹೆಸರು ಹೇಳಿ, “ಇವರು ಆಷಾಢದಲ್ಲಿ ನಿಮ್ಮ ಮನೆಯಲ್ಲಿದ್ದರಾ?” ಎಂದು ಕೇಳಿದರು.

“ಇದ್ಲಮ್ಮ. ನನ್ ಮಗ್ಳು, ನನ್ ಮನ್ಯಾಗಿಲ್ದೆ ಎಲ್ಲಿರ್ತಾಳೆ?”

“ಗಂಡನ ಜೊತೆ ಜಗಳ ಮಾಡಿಕೊಂಡು ಬಂದಿದ್ದರಾ?”

“ಜಗ್ಳ?” ಎಂದರು ಮಾವ. “ಜಗ್ಳ ಆಡಿದ್ರೆ ನಂಗೊಂದೀಟು ನೆಮ್ಮದಿ ಇರ್ತಿತ್ತು ಕಣಮ್ಮ. ಅವ್ನ ಮೇಲೆ ಯಾರೋ ಕಂಪ್ಲೇಂಟ್ ಕೊಟ್ಟವ್ರೆ ಅಲ್ವಾ? ಕೊಡ್ಲಿ, ಒಳ್ಳೇದಾಯ್ತು. ನಂದೂ ಒಂದು ಬರ್ಕಳ್ರಿ. ಆಷಾಢದಾಗೆ ಅಳಿಯ ಆದೋನು ಅತ್ತೆ ಮನೆ ದಿಕ್ಕಿಗೆ ಬರ್ಬಾರ್ದು, ಇದು ಚಿಕ್ಕ ಹುಡುಗ್ರಿಗೂ ಗೊತ್ತೈತೆ. ಇವ್ನು ವಾರ ವಾರ ಬೈಕ್ ಹಾಕ್ಕಂಡು ಐಮಂಗಲದಿಂದ ಬರಾನು. ಒಂದ್ ವಾರ ಸೋನೆ ಹಿಡ್ಕಂಡಿತ್ತು, ತೊಪ್ಪೆಯಾಗಿ ಬಂದ. ಲೇ, ಸಾಯ್ತೀಯಾ ಹೋಗಲೇ ಅಂದೆ. ಬಸ್ ಸ್ಟ್ಯಾಂಡಿನಾಗೆ ಕುಂದ್ರಿಸಿ ಕಾದೀನಿ, ನಾಕು ಭಾನ್ವಾರ. ನಿವೃತ್ತಿ ಆದ್ಮೇಲೂ ನಂಗೆ ಬಸ್ ಸ್ಟ್ಯಾಂಡ್ ತಪ್ಪಲಿಲ್ಲ. ಊರೋರೆಲ್ಲ ನಗಾಡಿದ್ರು. ಒಂದ್ ತಿಂಗ್ಳು ಹೆಂಡ್ತಿ ಬಿಟ್ಟಿರಾಕೆ ಆಗ್ದಿರೋನು ಅದೆಂಥ ಗಂಡ್ಸು, ನೀವೇ ಹೇಳ್ರಿ.”

ಭಾರತೀಯರ ಸಾಲಿನಲ್ಲಿ ನಿಂತ ಕನ್ನಡದವರೆಲ್ಲ ತಿರುಗಿ ನನ್ನನ್ನು ನೋಡಿದರು. ವಿದೇಶಿಯರ ಸಾಲಿನ ಹಳದಿ ಗೆರೆಯ ಹಿಂದೆ ನಮ್ಮ ಕಡೆಯವನು ನಾನೊಬ್ಬನೇ ಇದ್ದೆ, ಆ ಗಂಡಸು ಯಾರೆಂದು ಗುರುತಿಸುವುದು ಕಷ್ಟವಿರಲಿಲ್ಲ.  ಅಧಿಕಾರಿ ತುಟಿ ಬಿಗಿಹಿಡಿದು, ಅವಳ ಕಡೆ ತಿರುಗಿದರು.

“ನಾಲ್ಕು ಸಲ ಬಂದಿದ್ದು ನಿಜವೇನಮ್ಮ?”

ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ.

“ಇಲ್ರೀ, ಐದು” ಎಂದಳು. “ಒಂದು ಬುಧ್ವಾರ ಬಂದಿದ್ರು. ಅಪ್ಪಾಜಿ ಪಿಂಚಣಿ ಕೆಲ್ಸಕ್ಕೆ ಹೊಸದುರ್ಗಕ್ಕೆ ಹೋಗಿದ್ರು. ಹೊಸ್ತಿಲು ದಾಟಿಲ್ಲ, ಹಿತ್ತಲಾಗೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕುಂತು ಮುದ್ದೆ ಉಂಡು ಹೋದ್ರು.”

 ಫೋನಿನಲ್ಲಿ ಮಾವ ಗುಡುಗಿದರು. “ಏನಂದ್ಲು? ಐದಾ? ಮುದ್ದೆ ಇಕ್ಕಿದ್ಯಾರು? ನಮ್ಮನೆಯೋಳೇ ಇಕ್ಕಿದ್ಲಾ? ಆ ಅಳಿಯಂದ್ರು ಅಲ್ಲಿ ಅವ್ರಾ? ಫೋನ್ ಕೊಡ್ರಿ ಅವ್ರಿಗೆ!”

ಅಧಿಕಾರಿ ಫೋನು ಕೆಳಗಿಟ್ಟರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗು ತಡೆದು ತಡೆದು ಅವರ ಭುಜ ಅಲುಗುತ್ತಿತ್ತು. ಪಕ್ಕದ ಕೌಂಟರಿನವರೂ ಕತ್ತು ಹೊರಳಿಸಿದರು. ಆಮೇಲೆ ಅವರು ತುಂಬ ಹೊತ್ತು ಕಂಪ್ಯೂಟರಿನಲ್ಲಿ ಏನನ್ನೋ ಬರೆದರು. ಇಷ್ಟು ದೊಡ್ಡದಾಗಿ ಏನು ಬರೆಯುತ್ತಾರೆ ಎಂದು ನಾನು ಬೆವರುತ್ತ ನಿಂತಿದ್ದೆ.

“ತವರಿಗೆ ಸಾಕ್ಷಿ ಸಿಕ್ಕಿತು” ಎಂದರು ಕೊನೆಗೆ. “ಹದಿನಾಲ್ಕು ದಿನದೊಳಗೆ ನೋಂದಣಿ ಮಾಡಿಸಿಕೊಳ್ಳಿ. ಪೊಲೀಸರು ಬಂದಾಗ ಇಬ್ಬರೂ ಮನೆಯಲ್ಲಿರಿ. ಅತ್ತೆಗೂ ಹೇಳಿ.” ಪಾಸ್‌ಪೋರ್ಟ್ ಮೇಲೆ ಸೀಲು ಬಿತ್ತು.

ಆ ಸದ್ದಿಗೆ ನಾನು ಕೂಗಿಬಿಡಬೇಕಿತ್ತು. ಆರುನೂರು ಅಡಿ ಕೊರೆದ ಮೇಲೆ ನೀರು ಚಿಮ್ಮಿದರೆ ರೈತರ ಜೊತೆ ನಾವೂ ಕೂಗುತ್ತೇವೆ, ಆ ಕೂಗು ಗಂಟಲವರೆಗೆ ಬಂದು ನಿಂತಿತು. ಯಾವ ಫೈಲಿನಲ್ಲೂ ಇಲ್ಲದ್ದನ್ನು ಮಾವನ ಬೈಗುಳ ಗೆದ್ದುಕೊಟ್ಟಿತ್ತು. ನಮ್ಮ ಅವ್ವನ ಮಾತೂ ಗೆದ್ದಿತ್ತು. ಅವಳು ಹೇಳಿದ್ದು ನಿಜ, ಸೊಸೆ ತವರಿಗೇ ಹೋಗಿದ್ದಳು.

ಹೆಂಡತಿ ಪಾಸ್‌ಪೋರ್ಟ್ ತೆಗೆದುಕೊಂಡು ಆ ಕಡೆ ದಾಟಿದಳು. ಅವಳ ಹಿಂದೆಯೇ ನಾನೂ ನುಗ್ಗಿದೆ. “ಎಲ್ಲಿಗೆ ಹೋಗ್ತೀರಿ? ನಿಮ್ಮದು ಕೊಡಿ” ಎಂದರು ಅಧಿಕಾರಿ. ನನ್ನ ಪಾಸ್‌ಪೋರ್ಟು ಕೈಯಲ್ಲೇ ಇತ್ತು, ಅದಕ್ಕೂ ಸೀಲು ಬೀಳಬೇಕೆಂಬುದೇ ನನಗೆ ಮರೆತುಹೋಗಿತ್ತು. ಅದನ್ನು ಕೊಟ್ಟು, ಬೆವರಿದ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತೆ. ಎರಡು ನಿಮಿಷ ಅವಳು ನನ್ನ ದೇಶದ ಒಳಗಿದ್ದಳು, ನಾನು ಇನ್ನೂ ಹೊರಗಿದ್ದೆ.

ಚೀಲ ಹೆಗಲಿಗೇರಿಸಿಕೊಂಡು, ಮನೆಗೆ ಬಂದ ನೆಂಟರನ್ನು ಬಾಗಿಲಲ್ಲಿ ನಿಂತು ಕರೆಯುವ ಹಾಗೆ, ಅವಳು ಆ ಕಡೆಯಿಂದ ಕೈ ಮಾಡಿ ಕರೆದಳು.

“ಬರ್ರಿ, ಬರ್ರಿ. ಯಾಕಲ್ಲೇ ನಿಂತೀರಿ? ಒಳಗೆ ಬರ್ರಿ.”